ಮುಖ ನೋಡಿ ಮಣೆ ಹಾಕಬಾರದು



‘ಮುಖ ನೋಡಿ ಮಣೆ ಹಾಕೋದು’ ಅಂತ ನಮ್ಮ ಕಡೆ ಒಂದು ಮಾತಿದೆ. ಸ್ಥಿತಿವಂತರು ಬಂದರೆ ಮಣೆ, ಬಡವರು ಬಂದರೆ ಬಾಗಿಲ ಹೊರಗೆ. ಇದೇ ಪಕ್ಷಪಾತ.

ಕ್ರೈಸ್ತರ ಬೈಬಲಿನಲ್ಲಿ ಯಾಕೋಬನ ಪತ್ರಿಕೆ ಎಂಬ ಭಾಗವಿದೆ. ಅದರಲ್ಲೂ ಈ ವಿಷಯ ಬರುತ್ತದೆ. ಚಿನ್ನದ ಉಂಗುರ ಹಾಕಿದವನಿಗೆ ಒಳ್ಳೆ ಜಾಗ ಕೊಟ್ಟು, ಕೊಳೆ ಬಟ್ಟೆಯ ಬಡವನನ್ನು ಕೆಳಗೆ ಕೂರಿಸಿದರೆ ಅದು ಪಾಪ ಎಂದು ಅಲ್ಲಿ ಹೇಳಿದೆ. ನಮ್ಮವರನ್ನು ಮಾತ್ರ ಪ್ರೀತಿಸುವುದು ಸುಲಭ. ಎಲ್ಲರಿಗೂ ಕರುಣೆ ತೋರಿಸುವುದೇ ಕಷ್ಟ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅಬ್ಬೆ ದುಬೋಯಿ ಅವರ ಹೆಸರಿನ ಚರ್ಚ್ ಇದೆ. ಇವರು ಫ್ರಾನ್ಸ್ ದೇಶದ ಪಾದ್ರಿ. 1799ರ ಯುದ್ಧದಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಇಲ್ಲಿಗೆ ಬಂದರು. ನಮ್ಮವರಂತೆ ಬಟ್ಟೆ ತೊಟ್ಟು, ನಮ್ಮವರ ಊಟವನ್ನೇ ಉಣ್ಣುತ್ತಿದ್ದರು. ಜನ ಅವರನ್ನು ‘ದೊಡ್ಡ ಸ್ವಾಮಿಯೋರು’ ಅಂತಿದ್ದರು.

ಆಗ ಸಿಡುಬು ರೋಗ ಊರೂರನ್ನೇ ಬಲಿ ತೆಗೆದುಕೊಳ್ಳುತ್ತಿತ್ತು. ಇಂಗ್ಲೆಂಡಿನ ಜೆನ್ನರ್ 1796ರಲ್ಲಿ ಅದಕ್ಕೆ ಲಸಿಕೆ ಕಂಡುಹಿಡಿದಿದ್ದರು. 1803–04ರಲ್ಲಿ ದುಬೋಯಿಯವರು 25,432 ಜನರಿಗೆ ಲಸಿಕೆ ಹಾಕಿಸಿದರು.

ಲಸಿಕೆ ಇಡಲು ಆಗ ಐಸ್ ಪೆಟ್ಟಿಗೆ ಇರಲಿಲ್ಲ. ಒಬ್ಬರ ತೋಳಿಗೆ ಹಾಕಿದರೆ ಸುಮಾರು ಒಂದು ವಾರಕ್ಕೆ ಅಲ್ಲಿ ಗುಳ್ಳೆ ಏಳುತ್ತಿತ್ತು. ಅದರ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಾಕುತ್ತಿದ್ದರು. ಹೀಗೆ ತೋಳಿನಿಂದ ತೋಳಿಗೆ ಹೋಗಬೇಕಿತ್ತು. ‘ಅವರ ಮೈಯಿಂದ ನಮಗೆ ಬೇಡ’ ಅಂತ ಎಲ್ಲರೂ ಕೂತುಬಿಟ್ಟರೆ ಲಸಿಕೆ ಅಲ್ಲೇ ನಿಂತುಹೋಗುತ್ತಿತ್ತು. ಗೌಡರ ಮನೆ, ಕೂಲಿಯವರ ಮನೆ ಎಂಬ ಭೇದ ಸಿಡುಬಿಗೂ ಇರಲಿಲ್ಲ. ಒಂದು ಕೇರಿಯನ್ನು ಬಿಟ್ಟರೆ ರೋಗ ಅಲ್ಲಿಂದಲೇ ಮತ್ತೆ ಹೊರಡುತ್ತಿತ್ತು.

ಮುಂದೆ ಎಲ್ಲಾ ದೇಶಗಳೂ ಸೇರಿ ಲಸಿಕೆ ಹಾಕಿದ್ದರಿಂದ ಸಿಡುಬು ಜಗತ್ತಿನಿಂದಲೇ ಹೋಯಿತು. ಇದನ್ನು 1980ರಲ್ಲಿ ಘೋಷಿಸಿದರು. ನಿಮ್ಮ ಅಜ್ಜಿ ತಾತನ ತೋಳು ನೋಡಿ, ಲಸಿಕೆಯ ದುಂಡನೆ ಕಲೆ ಇರಬಹುದು. ಆ ಕಲೆ ಎಲ್ಲಾ ಜಾತಿಯವರ ತೋಳಿನಲ್ಲೂ ಒಂದೇ ತರಹ ಇರುತ್ತದೆ.

ನಾವೇನೂ ಲಸಿಕೆ ಹಾಕಬೇಕಾಗಿಲ್ಲ. ಹರಿದ ಅಂಗಿಯವನನ್ನು ಹಿಂದಕ್ಕೆ ತಳ್ಳದೆ ಪಕ್ಕದಲ್ಲಿ ಕೂರಿಸಿಕೊಂಡರೆ ಸಾಕು. ಬಿಸಿಯೂಟಕ್ಕೆ ಕೂತಾಗ ‘ನೀನು ಆ ಕಡೆ ಹೋಗು’ ಅನ್ನದಿದ್ದರೆ ಸಾಕು. ಮಣೆ ಹಾಕುವುದಾದರೆ ಎಲ್ಲರಿಗೂ ಹಾಕೋಣ. ಏನಂತೀರಿ?

– 7ನೇ ತರಗತಿ, ಸಂತೆಬಾಚಹಳ್ಳಿ