ಕೋರೆಲ್‌ಡ್ರಾದಿಂದ ಇಂಕ್‌ಸ್ಕೇಪ್‌ಗೆ ಕನ್ನಡ ವಿನ್ಯಾಸಗಳ ವರ್ಗಾವಣೆ

ಕೋರೆಲ್‌ಡ್ರಾ ತಂತ್ರಾಂಶದಲ್ಲಿ ರಚಿಸಿದ ಲಗ್ನಪತ್ರಿಕೆ, ನಾಮಫಲಕ, ನಕ್ಷೆ ಮೊದಲಾದ ಕನ್ನಡ ವಿನ್ಯಾಸಗಳನ್ನು ಇಂಕ್‌ಸ್ಕೇಪ್ ಎಂಬ ಮುಕ್ತ ತಂತ್ರಾಂಶಕ್ಕೆ ಸಾಗಿಸುವ ಕಾರ್ಯವು ಕರ್ನಾಟಕದ ಮುದ್ರಣಾಲಯಗಳಿಗೂ ವಿದ್ಯಾರ್ಥಿಗಳಿಗೂ ಸಂಬಂಧಿಸಿದ್ದಾಗಿದೆ. ಇವೆರಡೂ ಸದಿಶ ಚಿತ್ರರಚನೆಯ ತಂತ್ರಾಂಶಗಳು; ಇವು ಚಿತ್ರವನ್ನು ಚುಕ್ಕೆಗಳ ಬದಲು ರೇಖೆಗಳ ಗಣಿತರೂಪದಲ್ಲಿ ಉಳಿಸುತ್ತವೆ. ಇಲ್ಲಿ ನಿಜವಾದ ತೊಡಕು ರೇಖೆಗಳದ್ದಲ್ಲ, ಅಕ್ಷರಗಳದ್ದು.

ಹಿನ್ನೆಲೆ

ಕೆನಡಾದ ಕೋರೆಲ್ ಸಂಸ್ಥೆಯು ಕೋರೆಲ್‌ಡ್ರಾವನ್ನು 1989ರಲ್ಲಿ ಹೊರತಂದಿತು. ಇಂಕ್‌ಸ್ಕೇಪ್ 2003ರಲ್ಲಿ ಸೋಡಿಪೋಡಿ ಎಂಬ ತಂತ್ರಾಂಶದಿಂದ ಕವಲೊಡೆಯಿತು, ಅದರ 1.0 ಆವೃತ್ತಿ 2020ರಲ್ಲಿ ಬಿಡುಗಡೆಯಾಯಿತು. ಇಂಕ್‌ಸ್ಕೇಪ್ ಬಳಸುವ ಎಸ್‌ವಿಜಿ ಕಡತವು 2001ರಿಂದ ಮುಕ್ತ ಮಾನಕವಾಗಿದೆ. ಮೂಡಿಗೆರೆಯಲ್ಲಿ ನೆಲೆಸಿದ್ದ ಲೇಖಕ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ಗಣಕದಲ್ಲಿ ಕನ್ನಡದ ಬಳಕೆಗಾಗಿ ಶ್ರಮಿಸಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ಕನ್ನಡ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು.

ಅಕ್ಷರಗಳ ಸಮಸ್ಯೆ

ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಲಾಗಿತ್ತು. ಕಣ್ಣಿಗೆ ಕನ್ನಡವಾದರೂ ಗಣಕದ ಪಾಲಿಗೆ ಅದು ಕನ್ನಡವಲ್ಲ. ಆ ಫಾಂಟು ಇಲ್ಲದ ಗಣಕದಲ್ಲಿ ಫಲಕದ ‘ದೇವರಮನೆ’ ಎಂಬ ಹೆಸರು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗುತ್ತದೆ. ಯೂನಿಕೋಡ್‌ನಲ್ಲಿ ಅದೇ ಹೆಸರು ದ, ಏತ್ವ, ವ, ರ, ಮ, ನ, ಎತ್ವ ಎಂಬ ಏಳು ಸಂಕೇತಗಳಾಗಿ ಉಳಿಯುತ್ತದೆ. ಫಾಂಟು ಬದಲಾದರೂ ಪದ ಕೆಡುವುದಿಲ್ಲ.

ಅರ್ಕಾವತ್ತು ಇನ್ನೂ ಸೂಕ್ಷ್ಮ. ‘ಚಾರ್ಮಾಡಿ’ ಎಂಬಲ್ಲಿ ಅರ್ಕಾವತ್ತು ‘ಮಾ’ ಅಕ್ಷರದ ನಂತರ ಕಾಣುತ್ತದೆ. ಹಳೆಯ ಫಾಂಟುಗಳಲ್ಲಿ ಅದನ್ನು ಕಂಡ ಕ್ರಮದಲ್ಲಿಯೇ ಉಳಿಸಲಾಗುತ್ತಿತ್ತು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಂತೆ ರಕಾರವೇ ಮೊದಲು ಬರುತ್ತದೆ. ಆದ್ದರಿಂದ ಪರಿವರ್ತಕ ತಂತ್ರಾಂಶವು ಸಂಕೇತಗಳನ್ನು ಬದಲಿಸಿದರಷ್ಟೇ ಸಾಲದು, ಸ್ಥಾನಪಲ್ಲಟವನ್ನೂ ಮಾಡಬೇಕು. ಪರಿವರ್ತನೆಯ ಬಳಿಕ ಅರ್ಕಾವತ್ತು, ಒತ್ತಕ್ಷರಗಳುಳ್ಳ ಪದಗಳನ್ನು ಮನುಷ್ಯರೇ ಓದಿ ನೋಡುವುದು ಅನಿವಾರ್ಯ. ಊರಿನ ಹೆಸರೇ ತಪ್ಪಾದ ಫಲಕವನ್ನು ಯಾರೂ ಕ್ಷಮಿಸರು.

ಅಕ್ಷರಗಳನ್ನು ವಕ್ರರೇಖೆಗಳಾಗಿಸಿ ಸಾಗಿಸುವುದು ಸುಲಭದ ದಾರಿ. ರೂಪವು ಚಾಚೂ ತಪ್ಪದೆ ಉಳಿಯುತ್ತದೆ. ಆದರೆ ಪಠ್ಯವನ್ನು ಮತ್ತೆ ತಿದ್ದಲಾಗದು, ಹುಡುಕಲೂ ಆಗದು. ಮುಂದಿನ ವರ್ಷ ಜಾತ್ರೆಯ ದಿನಾಂಕ ಬದಲಿಸಬೇಕಾದಾಗ ಇದರ ಬೆಲೆ ತಿಳಿಯುತ್ತದೆ.

ವರ್ಗಾವಣೆಯ ಕ್ರಮ

ಇಂಕ್‌ಸ್ಕೇಪ್ ಲಿಬ್‌ಸಿಡಿಆರ್ ಎಂಬ ಸಂಗ್ರಹದ ನೆರವಿನಿಂದ ಸಿಡಿಆರ್ ಕಡತಗಳನ್ನು ತೆರೆಯಬಲ್ಲದಾದರೂ ಫಲಿತಾಂಶ ಎಲ್ಲ ಕಡತಗಳಲ್ಲಿಯೂ ಪೂರ್ಣವಾಗಿರುವುದಿಲ್ಲ. ಕೋರೆಲ್‌ಡ್ರಾ ಕೈಯಲ್ಲಿರುವಾಗಲೇ ಪ್ರತಿ ವಿನ್ಯಾಸವನ್ನು ಎಸ್‌ವಿಜಿ ಮತ್ತು ಪಿಡಿಎಫ್ ಎರಡೂ ರೂಪಗಳಲ್ಲಿ ಉಳಿಸುವುದು ಕ್ಷೇಮ: ಮೊದಲನೆಯದು ತಿದ್ದಲು, ಎರಡನೆಯದು ಹೋಲಿಸಿ ನೋಡಲು. ಬಳಿಕ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಲೋಹಿತ್ ಕನ್ನಡ, ನೋಟೋ ಸಾನ್ಸ್ ಕನ್ನಡ ಮೊದಲಾದ ಮುಕ್ತ ಫಾಂಟುಗಳಲ್ಲಿ ಹೊಂದಿಸಬಹುದು. ಅಕ್ಷರಗಳ ಅಗಲ ಬದಲಾಗುವುದರಿಂದ ಸಾಲುಗಳನ್ನು ಮರುಜೋಡಿಸಬೇಕಾಗುತ್ತದೆ.

ಕೈಗೆ ಅಭ್ಯಾಸವಾದ ಕೀಲಿಗಳನ್ನು ಬಿಡಲಾಗದವರು ಇಂಕ್‌ಸ್ಕೇಪ್‌ನ ಆದ್ಯತೆಗಳಲ್ಲಿ ಕೋರೆಲ್‌ಡ್ರಾ ಮಾದರಿಯ ಕೀಲಿಗಳನ್ನೇ ಆರಿಸಿಕೊಳ್ಳಬಹುದು. ಬಹುಪುಟಗಳ ಸೌಲಭ್ಯ 2022ರ 1.2 ಆವೃತ್ತಿಯಿಂದ ದೊರೆತಿದೆ.

ಮಿತಿಗಳು

ಬಣ್ಣದ ಮುದ್ರಣಕ್ಕೆ ಬೇಕಾದ ಸಿಎಂವೈಕೆ ವಿಷಯದಲ್ಲಿ ಇಂಕ್‌ಸ್ಕೇಪ್ ಹಿಂದುಳಿದಿದೆ. ಅದು ಮುಖ್ಯವಾಗಿ ಪರದೆಯ ಮೂರು ಬಣ್ಣಗಳ ಪದ್ಧತಿಯಲ್ಲಿ ಕೆಲಸಮಾಡುತ್ತದೆ. ಆಫ್‌ಸೆಟ್ ಮುದ್ರಣಕ್ಕೆ ಕಳುಹಿಸುವವರು ವಿನ್ಯಾಸವನ್ನು ಸ್ಕ್ರೈಬಸ್ ಎಂಬ ಮುಕ್ತ ತಂತ್ರಾಂಶಕ್ಕೆ ತಂದು, ಬಣ್ಣಗಳನ್ನು ಅಲ್ಲಿ ನಿಗದಿಪಡಿಸುವುದುಂಟು.