ಅಪರೂಪದ ಅತಿಥಿಯಲ್ಲ, ಈ ವರ್ಷದ ಮರಿ

ಸೆಪ್ಟೆಂಬರ್ ಹೊತ್ತಿಗೆ ಕೆರೆಯಂಚಿನ ಕೆಸರಿನಲ್ಲಿ, ಪುಸ್ತಕದ ಯಾವ ಚಿತ್ರಕ್ಕೂ ತಾಳೆಯಾಗದ ಗೊರವವೊಂದು ಕಂಡರೆ ಅದು ದಾರಿತಪ್ಪಿ ಬಂದ ಅಪರೂಪದ ಜಾತಿಯೇ ಇರಬೇಕೆಂಬ ನಂಬಿಕೆ ಪಕ್ಷಿವೀಕ್ಷಕರಲ್ಲಿದೆ. ಬಹುತೇಕ ಸಲ ಅದು ತೀರಾ ಸಾಮಾನ್ಯ ಜಾತಿಯ, ಅದೇ ಬೇಸಿಗೆಯಲ್ಲಿ ಉತ್ತರದ ಜೌಗುನೆಲದಲ್ಲಿ ಮೊಟ್ಟೆಯೊಡೆದು ಬಂದ ಮರಿ. ರಫ್ ಹಕ್ಕಿಯನ್ನೇ ನೋಡಿ. ಪುಸ್ತಕಗಳು ಕೊರಳ ಸುತ್ತ ಗರಿಗುಚ್ಛ ಬಿಚ್ಚಿ ನಿಂತ ಗಂಡಿಗೆ ಅರ್ಧ ಪುಟ ಕೊಟ್ಟು, ಮರಿಯನ್ನು ಮೂಲೆಗೆ ತಳ್ಳುತ್ತವೆ. ಆದರೆ ಮರಿಯ ಕತ್ತು, ಎದೆ ಗೆರೆಗಳಿಲ್ಲದ ಬೆಚ್ಚನೆಯ ತಿಳಿಗಂದು; ಕಾಲು ಮಾಸಲು ಹಸಿರು-ಹಳದಿ. ಹೀಗಾಗಿ ಅಮೆರಿಕ ಖಂಡದ ಬಫ್-ಬ್ರೆಸ್ಟೆಡ್ ಸ್ಯಾಂಡ್‌ಪೈಪರ್ ಎಂದು ಅದನ್ನು ತಪ್ಪಾಗಿ ಗುರುತಿಸುವುದು ಲೋಕದೆಲ್ಲೆಡೆ ನಡೆದುಬಂದಿದೆ.

ಜಾತಿ ಯಾವುದೆಂದು ಕೇಳುವ ಮೊದಲು ವಯಸ್ಸು ಎಷ್ಟೆಂದು ಕೇಳಬೇಕು. ಅದಕ್ಕೆ ಬೆನ್ನೇ ಸಾಕ್ಷಿ. ಮರಿಯ ಮೈಗರಿಗಳು ಹೆಚ್ಚುಕಡಿಮೆ ಒಂದೇ ಅವಧಿಯಲ್ಲಿ ಮೂಡುವುದರಿಂದ ಎಲ್ಲವೂ ಒಂದೇ ಪ್ರಾಯದವು, ಒಂದೇ ಹೊಸತನದವು. ಕಡುಗಂದು ಗರಿಯೊಂದೊಂದಕ್ಕೂ ತೆಳುವಾದ ತಿಳಿ ಅಂಚು. ಸಾಲುಸಾಲಾಗಿ ಮೀನಿನ ಹುರುಪೆಯಂತೆ ಕಾಣುತ್ತದೆ. ದೊಡ್ಡ ಹಕ್ಕಿಯ ಬೆನ್ನು ಆ ತಿಂಗಳಲ್ಲಿ ಇಷ್ಟು ಅಚ್ಚುಕಟ್ಟಾಗಿರಲು ಸಾಧ್ಯವಿಲ್ಲ: ಸಂತಾನಕಾಲದಲ್ಲಿ ಸವೆದ ಹಳೆಯ ಗರಿಗಳ ನಡುವೆ ಚಳಿಗಾಲದ ಹೊಸ ಬೂದುಗರಿಗಳು ಇಣುಕುತ್ತಿರುತ್ತವೆ. ಬಣ್ಣವೇ ಗುರುತು ಎಂಬ ಮಾತು ಎಡವುವುದು ಇಲ್ಲೇ. ಬಿಸಿಲಿಗೂ ಸವೆತಕ್ಕೂ ಸಿಕ್ಕ ಅಂಚುಗಳು ಕೆಲವೇ ವಾರಗಳಲ್ಲಿ ಮಾಸುತ್ತವೆ. ಮರಿಯೂ ಮೈಗರಿ ಬದಲಿಸತೊಡಗುತ್ತದೆ. ಸೆಪ್ಟೆಂಬರಿನ ಹೊಂಗಂದು ಹಕ್ಕಿ ಡಿಸೆಂಬರಿಗೆ ಬೂದುಗಂದಾಗಿದ್ದರೆ ಆಶ್ಚರ್ಯವಿಲ್ಲ.

ಇನ್ನೊಂದು ನಂಬಿಕೆ, ಮರಿ ಎಂದಮೇಲೆ ಗಾತ್ರ ಚಿಕ್ಕದಿರಬೇಕು ಎಂಬುದು. ಸಾವಿರಾರು ಕಿಲೋಮೀಟರ್ ಹಾರಿ ಬರುವ ಹೊತ್ತಿಗೆ ಗೊರವದ ಮರಿ ಬೆಳೆದು ದೊಡ್ಡವುಗಳ ಸಮಕ್ಕೆ ಬಂದಿರುತ್ತದೆ. ರಫ್ ಗುಂಪಿನಲ್ಲಿ ಒಂದು ಚಿಕ್ಕದಾಗಿ ಕಂಡರೆ ಅದಕ್ಕೆ ಕಾರಣ ಲಿಂಗವೇ ಇರಬಹುದು: ಗಂಡು 26ರಿಂದ 32 ಸೆಂ.ಮೀ. ಉದ್ದವಿದ್ದರೆ ಹೆಣ್ಣು 20ರಿಂದ 25 ಸೆಂ.ಮೀ. ಮಾತ್ರ. ಎರಡನ್ನೂ ಅಕ್ಕಪಕ್ಕ ನೋಡಿದವರು ಬೇರೆಬೇರೆ ಜಾತಿ ಎಂದುಕೊಂಡರೆ ಅವರನ್ನು ದೂರುವಂತಿಲ್ಲ. ಉದ್ದಕೊಕ್ಕಿನ ಜಾತಿಗಳಲ್ಲಿ ಕೊಕ್ಕೊಂದು ಮಾತ್ರ ತಡವಾಗಿ ಬೆಳೆಯುತ್ತದೆ. ಕರ್ಲ್ಯೂ ಮರಿಯ ಗಿಡ್ಡ ಕೊಕ್ಕು ನೋಡಿ ವಿಂಬ್ರೆಲ್ ಎಂದು ಬರೆದುಕೊಳ್ಳುವವರು ಅದರ ನೆತ್ತಿ ನೋಡಲಿ: ವಿಂಬ್ರೆಲ್‌ಗೆ ನೆತ್ತಿಯ ನಡುವೆ ತಿಳಿಪಟ್ಟೆ, ಅದರ ಎರಡು ಬದಿಗೂ ಕಡುಪಟ್ಟೆ ಇರುತ್ತದೆ.

ಅಪರೂಪದ ಹಕ್ಕಿಗಳು ನಿಜಕ್ಕೂ ಬರುವುದಿಲ್ಲವೇ, ದಾರಿತಪ್ಪುವವುಗಳಲ್ಲಿ ಮರಿಗಳೇ ಹೆಚ್ಚಲ್ಲವೇ ಎಂದು ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ. ಅನೇಕ ಜಾತಿಗಳಲ್ಲಿ ದೊಡ್ಡ ಹಕ್ಕಿಗಳು ಮೊದಲೇ ಹೊರಟುಬಿಡುತ್ತವೆ. ಮರಿಗಳು ವಾರಗಟ್ಟಲೆ ತಡವಾಗಿ, ದಾರಿ ತೋರುವ ಹಿರಿಯರಿಲ್ಲದೆ ಹಾರುತ್ತವೆ, ಕೆಲವು ತಪ್ಪುತ್ತವೆ ಕೂಡ. ಆದರೆ ಈ ವಾದ ವಯಸ್ಸಿನ ಪರೀಕ್ಷೆಯನ್ನು ಇನ್ನಷ್ಟು ಅಗತ್ಯವಾಗಿಸುತ್ತದೆಯೇ ಹೊರತು ಅನಗತ್ಯವಾಗಿಸುವುದಿಲ್ಲ: ಬಂದದ್ದು ಮರಿಯಾದರೆ ಹೋಲಿಸಬೇಕಾದದ್ದೂ ಮರಿಗಳೊಂದಿಗೇ. ಹಾಗೆ ಹೋಲಿಸಿದಾಗ ತೀರ್ಪು ಕೊಡುವುದು ಮೈಬಣ್ಣಕ್ಕಿಂತ ಹಾರುವಾಗಿನ ಗುರುತು. ರಫ್ ರೆಕ್ಕೆ ಬಿಚ್ಚಿದೊಡನೆ ಬಾಲದ ಬುಡದ ಎರಡೂ ಬದಿ ಮೊಟ್ಟೆಯಾಕಾರದ ಬಿಳಿ ಮಚ್ಚೆ, ರೆಕ್ಕೆಯ ಮೇಲೆ ಸಣ್ಣ ಬಿಳಿಗೆರೆ ಕಾಣುತ್ತದೆ. ಬಫ್-ಬ್ರೆಸ್ಟೆಡ್‌ಗೆ ಆ ಮಚ್ಚೆಗಳಿಲ್ಲ. ಅದರ ಕಾಲು ಎದ್ದುಕಾಣುವ ಹಳದಿ. ಮಚ್ಚೆ ಕಂಡರೆ ವಾದ ಮುಗಿಯಿತು.

ಒಂದೇ ಒಂದು ಫೋಟೋ ಸಾಕೆನ್ನುವುದನ್ನೂ ನಾನು ಒಪ್ಪುವುದಿಲ್ಲ. ಸಂಜೆಯ ಬೆಳಕು ಬೂದುಬಣ್ಣವನ್ನೂ ಹೊನ್ನಾಗಿಸುತ್ತದೆ, ಕೆಸರು ಮೆತ್ತಿದ ಕಾಲು ಯಾವ ಬಣ್ಣದ್ದೂ ಆಗಬಹುದು. ಅಘನಾಶಿನಿ ಅಳಿವೆಯಲ್ಲಾಗಲಿ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಾಗಲಿ ಇಂಥ ಹಕ್ಕಿ ಸಿಕ್ಕರೆ ಬೆನ್ನು, ಕಾಲು, ಹಾರುವಾಗಿನ ಬಾಲದ ಬುಡ ಮೂರನ್ನೂ ಬೇರೆಬೇರೆ ಚಿತ್ರಗಳಲ್ಲಿ ಹಿಡಿಯಿರಿ. ಪಕ್ಕದಲ್ಲಿ ಗೊತ್ತಿರುವ ಹಕ್ಕಿಯೊಂದು ಇದ್ದರೆ ಅದೂ ಚೌಕಟ್ಟಿನಲ್ಲಿರಲಿ. ಆಮೇಲೂ ತಿಳಿಯದಿದ್ದರೆ ಪಕ್ಷಿವೀಕ್ಷಕರು ದಾಖಲೆ ಸಲ್ಲಿಸುವ ಇ-ಬರ್ಡ್ ಜಾಲತಾಣದ ಪಟ್ಟಿಯಲ್ಲಿ ಜಾತಿ ಹೆಸರಿಸದೆ ಸ್ಯಾಂಡ್‌ಪೈಪರ್ ಎಂದಷ್ಟೇ ದಾಖಲಿಸಲು ಅವಕಾಶವಿದೆ. ಅದನ್ನು ಬಳಸಿಕೊಳ್ಳಿ.