ಚಿಗರಿಗೆ ಗಾಯರಾಣ ಬೇಕು, ನಮಗೆ ತೊಗರಿ

ಕಾಲೇಜಿನ ಪರಿಸರ ಅಧ್ಯಯನ ತರಗತಿಯಲ್ಲಿ ಸರ್ ಬೋರ್ಡಿನ ಮೇಲೆ ಒಂದರೊಳಗೊಂದು ಮೂರು ವೃತ್ತ ಬರೆದರು. ನಡುವಿನದು ಕಾಡುಪ್ರಾಣಿಗಳಿಗೆ, ಅದರ ಸುತ್ತಲಿನದು ಸಂಶೋಧನೆಯಂಥ ಕೆಲಸಗಳಿಗೆ, ಹೊರಗಿನದು ಊರು, ಹೊಲಗಳಿಗೆ. ಇದು ಜೀವಗೋಳ ಮೀಸಲು ಪ್ರದೇಶ. ಯುನೆಸ್ಕೊ 1971ರಲ್ಲಿ ಶುರು ಮಾಡಿದ ಕಾರ್ಯಕ್ರಮದಿಂದ ಬಂದ ಕಲ್ಪನೆ. ನಮ್ಮ ದೇಶದಲ್ಲಿ ಮೊದಲನೆಯದು 1986ರ ನೀಲಗಿರಿ. ಬಂಡೀಪುರ, ನಾಗರಹೊಳೆ ಅದರಲ್ಲೇ ಬರುತ್ತವೆ. ಎಲ್ಲವನ್ನೂ ನೋಟ್ಸ್ ಬರೆದುಕೊಂಡೆ. ತಲೆಯಲ್ಲಿ ಮಾತ್ರ ಒಂದೇ ಪ್ರಶ್ನೆ: ನಮ್ಮ ಹೊಲ ಯಾವ ವೃತ್ತದಲ್ಲಿದೆ?

ನಮ್ಮೂರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಯಿಂದ ತುಸು ದೂರ. ಅವ್ವನ ತವರು ಆಳಂದ ಕಡೆ, ಅಕ್ಕನನ್ನು ಕೊಟ್ಟಿದ್ದು ಜೇವರ್ಗಿ ತಾಲ್ಲೂಕಿಗೆ. ಮೂರೂ ಕಡೆಯವರು ಮದುವೆಯಲ್ಲಿ ಸೇರಿದರೆ ಮೊದಲು ಮಳೆಯ ಮಾತು, ಆಮೇಲೆ ಚಿಗರಿಯ ಮಾತು. ಕೃಷ್ಣಮೃಗವನ್ನು ನಾವು ಕರೆಯುವುದೇ ಹಾಗೆ. ಅದಕ್ಕೆ ಹುಲಿಯಂತೆ ದಟ್ಟ ಕಾಡು ಬೇಡ. ಗಿಡ್ಡ ಹುಲ್ಲು, ದೂರದವರೆಗೆ ಕಣ್ಣು ಹಾಯುವ ಬಯಲು ಬೇಕು. ಅಂಥ ಬಯಲು ಈಗ ಎಲ್ಲಿ ಉಳಿದಿದೆ ಅಂದರೆ ನಮ್ಮ ಹೊಲಗಳಲ್ಲೇ.

ಜೂನ್, ಜುಲೈನಲ್ಲಿ ಬಿತ್ತಿದ ತೊಗರಿ ಗೇಣುದ್ದ ಬರುವಷ್ಟರಲ್ಲಿ ಹಿಂಡು ಇಳಿಯುತ್ತದೆ. ಹೆಚ್ಚು ಕವಲೊಡೆಯಲು ತೊಗರಿಯ ಕುಡಿ ಚಿವುಟಬೇಕೆಂದು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ‘ಚಿಗರಿ ಪುಕ್ಕಟೆ ಚಿವುಟ್ತಾವ ನೋಡಪಾ, ಆದ್ರ ಎಷ್ಟನೇ ದಿನಕ್ಕ ಚಿವುಟಬೇಕಂತ ಅವಕ್ಕ ಗೊತ್ತಿಲ್ಲ’ ಎಂದು ಕಾಕಾ ನಗುತ್ತಾರೆ. ಎಳೆ ಸಸಿಯನ್ನು ಬುಡದವರೆಗೆ ತಿಂದರೆ ಮತ್ತೆ ಬಿತ್ತಬೇಕು. ಅಷ್ಟರಲ್ಲಿ ಹದ ಹೋಗಿರುತ್ತದೆ. ಹಿಂಗಾರಿ ಜೋಳದ್ದೂ ಇದೇ ಕಥೆ. ಹೊಲದ ಸುತ್ತ ಹಳೆ ಸೀರೆ ಕಟ್ಟಿದೆವು, ತಾಟು ಬಡಿದೆವು, ನಸುಕಿನಲ್ಲಿ ಎದ್ದು ಕಾದೆವು. ನಾಲ್ಕು ದಿನ ಹೆದರಿದವು. ಐದನೇ ದಿನ ಅದೇ ಸೀರೆಯ ಪಕ್ಕದಲ್ಲಿ ನಿಂತು ಮೇಯುತ್ತಿದ್ದವು.

ಹೊಡೆಯುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಮೊದಲ ಪಟ್ಟಿಯಲ್ಲೇ ಚಿಗರಿಯೂ ಇದೆ. ನಮ್ಮ ಮನೆಯಲ್ಲಿ ಯಾರಿಗೂ ಹೊಡೆಯುವ ಮನಸ್ಸೂ ಇಲ್ಲ.

ಬೆಳೆ ಹಾನಿಗೆ ಸರ್ಕಾರದ ಪರಿಹಾರ ಇದೆ, ನಿಜ. ಕಳೆದ ವರ್ಷ ನಮ್ಮ ಮೂರು ಎಕರೆಯಲ್ಲಿ ಒಂದು ಎಕರೆ ಹೋಯಿತು. ಫೋಟೊ, ಆಧಾರ್, ಪಾಸ್‌ಬುಕ್ ಹಿಡಿದುಕೊಂಡು ಅಪ್ಪನ ಜೊತೆ ಕಚೇರಿಗೆ ಹೋದೆ. ಪಹಣಿ ಕೇಳಿದರು. ಆ ಹೊಲ ನಾವು ಲಾವಣಿಗೆ ಹಾಕಿಕೊಂಡದ್ದು. ಪಹಣಿಯಲ್ಲಿ ಹೆಸರಿರುವವರು ಪುಣೆಯಲ್ಲಿದ್ದಾರೆ. ಬಿತ್ತಿದ್ದು ನಾವು, ಕಾದಿದ್ದು ನಾವು, ಕಾಗದದಲ್ಲಿ ಮಾತ್ರ ನಾವಿಲ್ಲ. ಅಪ್ಪ ಏನೂ ಮಾತಾಡದೆ ಬಸ್ ಹತ್ತಿದರು. ಆ ಸಲದ ನನ್ನ ಸೆಮಿಸ್ಟರ್ ಫೀ ಕಟ್ಟಿದ್ದು ಭಾವ.

ಮುತ್ಯಾ ಹೇಳುವ ಪ್ರಕಾರ ಚಿಗರಿ ಅವರ ಕಾಲದಲ್ಲೂ ಇದ್ದವು. ಆದರೆ ಆಗ ಊರಿಗೊಂದು ಗಾಯರಾಣ ಇತ್ತು. ದನ, ಕುರಿ, ಚಿಗರಿ ಎಲ್ಲ ಅಲ್ಲೇ. ಈಗ ನಮ್ಮೂರ ಗಾಯರಾಣದಲ್ಲಿ ಒಂದಷ್ಟು ಉಳುಮೆಯಾಗಿದೆ, ಒಂದಷ್ಟರಲ್ಲಿ ಕಟ್ಟಡ ಎದ್ದಿವೆ, ಉಳಿದದ್ದರಲ್ಲಿ ಜಾಲಿ. ಬರೀ ಹುಲ್ಲಿರುವ ನೆಲ ಸರ್ಕಾರದ ಲೆಕ್ಕದಲ್ಲೂ ಎಷ್ಟೋ ಸಲ ಪಾಳು ಭೂಮಿ. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕೆಂದೇ 1974ರಲ್ಲಿ 119 ಚದರ ಕಿ.ಮೀ. ಅಭಯಾರಣ್ಯ ಮಾಡಿದರು. ಅಲ್ಲೂ ಬಹುಭಾಗ ನೀಲಗಿರಿ ನೆಡುತೋಪು! ಚಿಗರಿ ಮೇಯುವುದು ಹುಲ್ಲು, ನೀಲಗಿರಿ ಎಲೆಯನ್ನಲ್ಲ.

ಹಿಡಿದು ಬೇರೆ ಕಡೆ ಬಿಡಿ ಎನ್ನುವವರೂ ಇದ್ದಾರೆ. ಮಧ್ಯಪ್ರದೇಶದ ಶಾಜಾಪುರ ಜಿಲ್ಲೆಯಲ್ಲಿ 2025ರಲ್ಲಿ ಹೆಲಿಕಾಪ್ಟರ್ ಬಳಸಿ ಅಟ್ಟಿ, ಹಿಡಿದು ಸಾಗಿಸಿದರು. ಆದರೆ ಇದು ಅಂಜುಬುರುಕ ಪ್ರಾಣಿ, ಹಿಡಿಯುವಾಗಿನ ಗಾಬರಿಗೇ ಸಾಯಬಹುದು. ಸಾಗಿಸುವುದಾದರೂ ಎಲ್ಲಿಗೆ? ನಮ್ಮ ಜಿಲ್ಲೆಯ ಚಿಂಚೋಳಿ ವನ್ಯಧಾಮ ಒಣ ಕಾಡು, ಬಯಲಲ್ಲ.

ನನಗನಿಸುವುದು, ಉಳಿದ ಗಾಯರಾಣದಲ್ಲಿ ಜಾಲಿ ತೆಗೆದು ಹುಲ್ಲು ಬೆಳೆಸಬೇಕು. ಕುರಿಗಾರರೂ ಅದನ್ನೇ ಕೇಳುತ್ತಿದ್ದಾರೆ, ಅವರನ್ನು ಹೊರಗಿಟ್ಟರೆ ಅದು ಉಳಿಯುವುದೂ ಇಲ್ಲ. ಪರಿಹಾರ ಕೊಡುವಾಗ ಪಂಚಾಯಿತಿಯವರು ಹೊಲಕ್ಕೆ ಬಂದು, ಬಿತ್ತಿದವರು ಯಾರೆಂದು ನೋಡಿ ಬರೆದುಕೊಳ್ಳಲಿ. ಅಕ್ಕಪಕ್ಕದ ಹೊಲದವರನ್ನು ಕೇಳಿದರೆ ಐದು ನಿಮಿಷದ ಕೆಲಸ.

ಈ ಸಲ ತೊಗರಿಯಲ್ಲಿ ಎಡೆ ಹೊಡೆಯುವಾಗ ಸಾಲಿನ ನಡುವೆ ಮರಿಯೊಂದು ಮುದುಡಿ ಮಲಗಿತ್ತು. ತಾಯಿ ದೂರದ ಬದುವಿನ ಮೇಲೆ ನಿಂತು ನೋಡುತ್ತಿತ್ತು. ಅಪ್ಪ ಎತ್ತುಗಳನ್ನು ನಿಲ್ಲಿಸಿದರು. ‘ಮುಟ್ಟಬ್ಯಾಡ, ಈ ಕಡಿಂದ ಬಾ’ ಎಂದು ಎರಡು ಸಾಲು ಬಿಟ್ಟು ಕುಂಟೆ ಹೊಡೆದರು. ಸಂಜೆ ಹೋಗಿ ನೋಡಿದೆ, ಮರಿ ಇರಲಿಲ್ಲ. ಆ ಎರಡು ಸಾಲಿನ ಕಸವನ್ನು ಮರುದಿನ ಅವ್ವ ಕೈಯಿಂದ ಕಿತ್ತಳು.